ಗಾಬರಿ ಒಂದೇ ಅಲ್ಲ

‘ಆತಂಕ’ ಪತ್ರಿಕೆಯ ಮಾತು. ‘ಅಣೆಕಟ್ಟೆ ನೀರಿನ ಮಟ್ಟ ಕುಸಿತ: ರೈತರಲ್ಲಿ ಆತಂಕ’ ಅಂತ ತಲೆಬರಹ ಓದುತ್ತೇವೆ. ಆದರೆ ಮಂಡ್ಯದ ಯಾವುದೋ ಕ್ಲಿನಿಕ್ಕಿನಲ್ಲಿ ಡಾಕ್ಟರ ಎದುರು ಕೂತು ‘ನನಗೆ ಆತಂಕವಾಗುತ್ತಿದೆ’ ಅನ್ನುವವರು ಬಲು ಕಡಿಮೆ. ಅಲ್ಲಿ ಕೇಳಿಬರುವ ಮಾತೇ ಬೇರೆ. ‘ಎದೆ ಡವಡವ ಅಂತದೆ ಸಾರ್’, ‘ಕೈಕಾಲೆಲ್ಲ ಜೋಮು ಹಿಡ್ದಂಗಾಯ್ತದೆ’, ‘ಉಸಿರು ಪೂರ್ತಿ ಎಳ್ಕೊಳ್ಳಕ್ಕೇ ಆಗಲ್ಲ’, ‘ಹೊಟ್ಟೇಲಿ ಏನೋ ತಳಮಳ’, ‘ಸುಮ್‌ಸುಮ್ನೆ ದಿಗಿಲು’. ಎಲ್ಲವೂ ಮೈಯ ದೂರು. ಹಾಗಾಗಿ ಸಿಗುವುದೂ ಮೈಯ ಮದ್ದೇ: ಒಂದು ಗ್ಯಾಸ್ಟ್ರಿಕ್ ಮಾತ್ರೆ, ಒಂದು ಬಿ-ಕಾಂಪ್ಲೆಕ್ಸ್ ಸೂಜಿ, ಜೋರಾಗಿದ್ದರೆ ಒಂದು ಬಾಟಲಿ ಡ್ರಿಪ್ಸ್. ಎರಡು ದಿನ ಹಾಯೆನಿಸಿ ಮೂರನೆಯ ದಿನ ಮತ್ತೆ ಶುರು.

ಮೈಯ ಲಕ್ಷಣವನ್ನಷ್ಟೇ ನೋಡಿ ಇದು ಯಾವ ಬಗೆಯ ಆತಂಕ ಅಂತ ಹೇಳಲಾಗುವುದಿಲ್ಲ. ಎದೆಬಡಿತ, ಬೆವರು, ನಡುಕ, ಬಾಯಿ ಒಣಗುವುದು ಹೆಚ್ಚುಕಡಿಮೆ ಎಲ್ಲ ಬಗೆಯಲ್ಲೂ ಇರುತ್ತವೆ. ಹೆದರಿದಾಗ ಹರಿಯುವ ಹಾರ್ಮೋನು ಅಡ್ರಿನಲಿನ್, ಅದು ಯಾರ ಮೈಯಲ್ಲಿ ಏರಿದರೂ ಮಾಡುವ ಕೆಲಸ ಅದೇ. ಬಗೆ ತಿಳಿಯಬೇಕಾದರೆ ಎರಡು ಪ್ರಶ್ನೆ ಕೇಳಬೇಕು. ಆ ಗಳಿಗೆಯಲ್ಲಿ ಏನಾಗಿಬಿಡುತ್ತದೆ ಅಂತ ಹೆದರಿದಿರಿ? ಆ ಹೆದರಿಕೆಯಿಂದ ಯಾವ ಕೆಲಸ ಬಿಟ್ಟಿರಿ? ಮೊದಲನೆಯದರ ಉತ್ತರದಲ್ಲಿ ಬಗೆ ಇರುತ್ತದೆ. ಡಾಕ್ಟರ ಹತ್ತಿರ ಹೋಗುವ ಕಾಲ ಬಂದಿದೆಯೇ ಅನ್ನುವುದು ಎರಡನೆಯದರಲ್ಲಿ.

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ತಡೆರಹಿತ ಬಸ್ ಹತ್ತಲು ಒಲ್ಲದ ನಾಲ್ಕು ಜನರನ್ನು ನೆನೆಸಿಕೊಳ್ಳಿ. ಒಬ್ಬರಿಗೆ, ‘ಹೆದ್ದಾರಿ ಮಧ್ಯೆ ಎದೆ ಹಿಡಿದುಕೊಂಡರೆ ಇಳಿಯೋಕೂ ಆಗಲ್ಲವಲ್ಲ’ ಅನ್ನುವ ಭಯ. ಇನ್ನೊಬ್ಬರಿಗೆ, ‘ವಾಂತಿ ಬಂದರೆ ಬಸ್ಸಿನವರೆಲ್ಲ ನನ್ನನ್ನೇ ನೋಡ್ತಾರೆ’. ಮೂರನೆಯವರಿಗೆ, ‘ಅಪಘಾತ ಆಗೇ ಆಗುತ್ತೆ’. ನಾಲ್ಕನೆಯವರಿಗೆ, ‘ನಾನಿಲ್ಲದಾಗ ಮನೆಯಲ್ಲಿ ಅಮ್ಮನಿಗೆ ಏನಾದರೂ ಆದರೆ?’ ಬಸ್ಸು ಒಂದೇ, ಡವಡವವೂ ಒಂದೇ, ಆದರೆ ಇವು ನಾಲ್ಕು ಬೇರೆ ಬೇರೆ ತೊಂದರೆಗಳು. ನಾಲ್ವರಿಗೂ ‘ಧೈರ್ಯ ತಗೋ, ಏನೂ ಆಗಲ್ಲ’ ಅನ್ನುವ ಒಂದೇ ಕಷಾಯ ಕುಡಿಸುವುದು ನಮ್ಮ ವಾಡಿಕೆ.

ಥಟ್ಟನೆ ಏರಿ ಬರುವ ದಿಗಿಲಿನಿಂದ ಶುರು ಮಾಡೋಣ, ಜನರನ್ನು ಆಸ್ಪತ್ರೆಯ ತುರ್ತು ಘಟಕಕ್ಕೆ ಓಡಿಸುವುದು ಇದೇ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ. ಟಿವಿ ನೋಡುತ್ತ ಕೂತಿದ್ದಾಗ, ಸಿಗ್ನಲ್ಲಿನಲ್ಲಿ ನಿಂತಿದ್ದಾಗ, ಒಮ್ಮೊಮ್ಮೆ ಗಾಢ ನಿದ್ದೆಯಲ್ಲೂ ಬರಬಹುದು. ಶುರುವಾಗಿ ಸುಮಾರು 10 ನಿಮಿಷದೊಳಗೆ ತುತ್ತತುದಿ ಮುಟ್ಟುತ್ತದೆ, ಹೆಚ್ಚಿನವರಲ್ಲಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಎದೆಬಡಿತ, ಉಸಿರು ಕಟ್ಟಿದ ಅನುಭವ, ತಲೆಸುತ್ತು, ಬೆರಳ ತುದಿಯಲ್ಲೂ ತುಟಿಯ ಸುತ್ತಲೂ ಚುಮುಚುಮು, ಮೈ ಬಿಸಿ ಇಲ್ಲವೇ ತಣ್ಣಗೆ, ಸುತ್ತಲಿನದೆಲ್ಲ ಕನಸಿನಂತೆ ಕಾಣುವುದು. ಇವುಗಳ ಜೊತೆಗೆ ‘ಸತ್ತೇ ಹೋಗ್ತೀನಿ’ ಅಥವಾ ‘ಹುಚ್ಚು ಹಿಡಿಯುತ್ತೆ’ ಅನ್ನುವ ಖಚಿತ ನಂಬಿಕೆ.

ಚುಮುಚುಮು ಯಾಕೆ ಅಂತ ತಿಳಿದರೆ ಅರ್ಧ ಭಯ ಇಳಿಯುತ್ತದೆ. ಗಾಬರಿಯಲ್ಲಿ ಉಸಿರಾಟ ಜೋರಾಗುತ್ತದೆ. ರಕ್ತದಲ್ಲಿರಬೇಕಾದ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ಮಿದುಳಿನ ರಕ್ತನಾಳಗಳು ಕೊಂಚ ಕಿರಿದಾಗಿ ತಲೆ ಹಗುರವಾಗುತ್ತದೆ, ನರಗಳು ಸೂಕ್ಷ್ಮವಾಗಿ ಬೆರಳು ಜೋಮು ಹಿಡಿಯುತ್ತದೆ. ಆಮ್ಲಜನಕ ಸಾಕಷ್ಟು ಇದ್ದೇ ಇರುತ್ತದೆ, ಆದರೂ ಉಸಿರು ಸಾಲದು ಅನಿಸುತ್ತದೆ. ಆಗ ಪಕ್ಕದವರು ಹೇಳುವುದೇನು? ‘ಜೋರಾಗಿ ಉಸಿರು ಎಳ್ಕೋ!’ ಒಳ್ಳೆಯ ಮನಸ್ಸಿನ ತಪ್ಪು ಸಲಹೆ ಇದು. ಎಳೆದಷ್ಟೂ ಡೈಆಕ್ಸೈಡ್ ಇನ್ನೂ ಇಳಿದು ಜೋಮು ಏರುತ್ತದೆ. ಗಮನ ಉಸಿರು ಬಿಡುವ ಕಡೆಗಿರಬೇಕು. ಮೂಗಿನಲ್ಲಿ 4 ಎಣಿಸುವಷ್ಟು ಹೊತ್ತು ಮೆಲ್ಲಗೆ ಒಳಕ್ಕೆ, 6 ಎಣಿಸುವಷ್ಟು ಹೊತ್ತು ಹೊರಕ್ಕೆ. ಭುಜ ಏಳಬಾರದು, ಹೊಟ್ಟೆ ಉಬ್ಬಬೇಕು. ನಿಮಿಷಕ್ಕೆ ಸುಮಾರು 6 ಉಸಿರು, ಹೀಗೆ 5 ನಿಮಿಷ. ಮೊದಲ ಒಂದೆರಡು ನಿಮಿಷ ‘ಇದು ಕೆಲಸ ಮಾಡ್ತಿಲ್ಲ’ ಅನಿಸುವುದು ಸಹಜ. ಚೆನ್ನಾಗಿರುವ ದಿನಗಳಲ್ಲೇ ಬೆಳಿಗ್ಗೆ ಸಂಜೆ ಅಭ್ಯಾಸ ಮಾಡದವರಿಗೆ ಅಟ್ಯಾಕಿನ ನಡುವೆ ಇದು ಕೈಗೆ ಹತ್ತುವುದಿಲ್ಲ. ಬಾಯಿಗೆ ಕಾಗದದ ಚೀಲ ಕಟ್ಟಿಕೊಂಡು ಉಸಿರಾಡಿಸುವ ಹಳೆಯ ಉಪಾಯ ಬೇಡ. ಅದು ನಿಜಕ್ಕೂ ಹೃದಯದ ತೊಂದರೆಯೋ ಆಸ್ತಮಾವೋ ಆಗಿದ್ದರೆ ಅಪಾಯ.

ಹೃದಯದ ಮಾತು ಬಂದಿದ್ದರಿಂದ ಸ್ಪಷ್ಟವಾಗಿ ಹೇಳಿಬಿಡಬೇಕು. ಮೊದಲ ಸಲ ಎದೆ ಹಿಡಿದುಕೊಂಡಾಗ ‘ಇದು ಪ್ಯಾನಿಕ್ಕೇ’ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ವಯಸ್ಸು 40 ದಾಟಿದ್ದರೆ, ಸಕ್ಕರೆ ಕಾಯಿಲೆ, ಬಿಪಿ, ಬೀಡಿ-ಸಿಗರೇಟು ಇದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿದ್ದರೆ, ಹೃದಯದ್ದೇ ಅಂತ ಎಣಿಸಿ 108ಕ್ಕೆ ಕರೆ ಮಾಡಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಎದೆ ಬಿಗಿದು, ಕೂತರೆ ಸಡಿಲವಾಗುತ್ತದೆ ಅಂದರೆ ಅದು ಹೃದಯದ ರಕ್ತನಾಳದ ತೊಂದರೆಯ ಲಕ್ಷಣ. ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿದರೂ ಹಾಗೇ. ಹೆಂಗಸರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಏದುಸಿರು ಇರಬಹುದು. ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಕೆಲವು ಗಂಟೆ ಬಿಟ್ಟು ಇನ್ನೊಂದು ಇಸಿಜಿಯನ್ನೂ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಅಂತ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನೂ ಮಾಡಿಸಬೇಕಾಗಬಹುದು. ಮೈಸೂರಿನವರಿಗೆ ಕೆಆರ್‌ಎಸ್ ರಸ್ತೆಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಒಮ್ಮೆ ಸರಿಯಾಗಿ ನೋಡಿಸಿ, ‘ಹೃದಯ ಚೆನ್ನಾಗಿದೆ’ ಅಂತ ಬಾಯಲ್ಲಿ ಹೇಳಿಸಿಕೊಂಡು ಬನ್ನಿ. ಆದರೆ ಅದೇ ಪರೀಕ್ಷೆಯನ್ನು ತಿಂಗಳಿಗೊಂದು ಸಲ ಬೇರೆ ಬೇರೆ ಕಡೆ ಮಾಡಿಸುತ್ತಿದ್ದರೆ ತೊಂದರೆ ಹೃದಯದ್ದಲ್ಲ.

ಒಂದು ಸಲ ಅಟ್ಯಾಕ್ ಬಂದ ಮಾತ್ರಕ್ಕೆ ಕಾಯಿಲೆಯಲ್ಲ. ಬಹಳ ಜನರಿಗೆ ಜೀವನದಲ್ಲಿ ಒಮ್ಮೆ ಬಂದು ಹೋಗುತ್ತದೆ. ಬಂದ ಮೇಲೆ ಒಂದು ತಿಂಗಳೋ ಹೆಚ್ಚೋ ‘ಮತ್ತೆ ಬಂದರೆ?’ ಅನ್ನುವ ಕಾವಲು ಕಾಯುವುದು, ಅದಕ್ಕಾಗಿ ದಿನಚರಿ ಬದಲಿಸುವುದು ಶುರುವಾದರೆ ಅದು ಪ್ಯಾನಿಕ್ ಡಿಸಾರ್ಡರ್. ಈ ಬದಲಾವಣೆ ಸದ್ದಿಲ್ಲದೆ ನಡೆಯುತ್ತದೆ. ಮೊದಲು ಡ್ರೈವರ್ ಹಿಂದಿನ ಸೀಟೇ ಬೇಕು. ಆಮೇಲೆ ನೀರಿನ ಬಾಟಲಿ ಇಲ್ಲದೆ ಹೊರಡುವುದಿಲ್ಲ. ಆಮೇಲೆ ಜೇಬಿನಲ್ಲೊಂದು ಮಾತ್ರೆ. ಆಮೇಲೆ ಗಂಡನೋ ತಮ್ಮನೋ ಜೊತೆಗೆ ಬರಬೇಕು. ದೇವರಾಜ ಮಾರುಕಟ್ಟೆ ಬಿಟ್ಟಾಯಿತು, ದಸರಾ ಜನಜಂಗುಳಿ ಬಿಟ್ಟಾಯಿತು, ಕೊನೆಗೆ ಬೀದಿಯ ತುದಿಯ ಅಂಗಡಿಯೂ ದೂರವಾಯಿತು. ಇಲ್ಲಿಗೆ ಅದು ಅಗೋರಫೋಬಿಯಾ, ಅಂದರೆ ಸುಲಭವಾಗಿ ಹೊರಬರಲಾಗದ ಜಾಗಗಳ ಭಯ, ಆಗಿರುತ್ತದೆ. ಮನೆಯವರು ‘ಅವಳಿಗೆ ಆಚೆ ಹೋಗೋದು ಇಷ್ಟ ಇಲ್ಲ’ ಅಂತ ಒಗ್ಗಿಕೊಂಡಿರುತ್ತಾರೆ.

ತಪ್ಪಿಸಿಕೊಂಡ ತಕ್ಷಣ ಭಯ ಇಳಿಯುತ್ತದೆ, ಎಡವಟ್ಟೇ ಅದು. ‘ಇಳಿದು ಓಡಿದ್ದಕ್ಕೇ ಬದುಕಿದೆ’ ಅಂತ ಮಿದುಳು ಪಾಠ ಕಲಿಯುತ್ತದೆ. ಆ ಪಾಠವನ್ನು ಅಳಿಸುವ ದಾರಿ ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು. ಮೈಸೂರು–ಮಂಡ್ಯ ರೈಲು ಮಾರ್ಗ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೊದಲ ವಾರ ಮೈಸೂರು ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಅರ್ಧ ಗಂಟೆ ಕೂರುವುದು. ಮುಂದೆ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಪ್ಯಾಸೆಂಜರಿನಲ್ಲಿ ನಾಗನಹಳ್ಳಿವರೆಗೆ ಜೊತೆಗಾರರೊಂದಿಗೆ, ಆಮೇಲೆ ಶ್ರೀರಂಗಪಟ್ಟಣದವರೆಗೆ ಜೊತೆಗಾರರನ್ನು ಬೇರೆ ಬೋಗಿಯಲ್ಲಿ ಕೂರಿಸಿ, ಆಮೇಲೆ ಪಾಂಡವಪುರಕ್ಕೆ ಒಬ್ಬರೇ, ಕಡೆಗೆ ಮಂಡ್ಯಕ್ಕೆ. ಪ್ರತಿ ಸಲ ಭಯಕ್ಕೆ ಹತ್ತರಲ್ಲಿ ಅಂಕ ಕೊಟ್ಟು ಬರೆದುಕೊಳ್ಳಿ. 4 ಅಥವಾ 5 ಅಂಕದ ಮೆಟ್ಟಿಲಿನಿಂದ ಶುರು ಮಾಡಿ, 9ರಿಂದಲ್ಲ. ಭಯ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಬೇಕು. ಅದೇ ಮೆಟ್ಟಿಲನ್ನು ವಾರದಲ್ಲಿ ಮೂರು ನಾಲ್ಕು ಸಲ ಹತ್ತಿ ಸಪ್ಪೆಯಾದ ಮೇಲೆ ಮುಂದಿನದು. ಎಡವುವುದು ಸಾಮಾನ್ಯವಾಗಿ ಮೂರು ಕಡೆ: ತಿಂಗಳಿಗೊಂದು ಸಲ ಮಾತ್ರ ಮಾಡುವುದು, ಭಯ ತುದಿಯಲ್ಲಿರುವಾಗಲೇ ಇಳಿದುಬಿಡುವುದು, ಜೇಬಿನಲ್ಲಿ ‘ಧೈರ್ಯಕ್ಕೆ’ ಮಾತ್ರೆ ಇಟ್ಟುಕೊಂಡು ಹೋಗುವುದು. ಮೂರನೆಯದನ್ನು ಮಾಡಿದರೆ ಗೆದ್ದದ್ದು ಮಾತ್ರೆಯೇ ಹೊರತು ನೀವಲ್ಲ ಅಂತ ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ.

ಸದಾ ಕೊರೆಯುವ ಚಿಂತೆ ಇದಕ್ಕಿಂತ ತೀರ ಬೇರೆ. ಇದರಲ್ಲಿ ಅಟ್ಯಾಕೇ ಇರಬೇಕೆಂದಿಲ್ಲ. ಮಂಡ್ಯದ ರೈತ ಜುಲೈನಲ್ಲಿ ಕಟ್ಟೆಯ ಮಟ್ಟ ನೋಡಿ ನಿದ್ದೆಗೆಟ್ಟರೆ ಅದು ಕಾಯಿಲೆಯಲ್ಲ, ಲೆಕ್ಕಾಚಾರ. ಕಬ್ಬಿನ ಬಾಕಿ ಬರದಿದ್ದಾಗ ಸಾಲದ ಚಿಂತೆಯೂ ಅಷ್ಟೇ. ನೋಡಬೇಕಾದ್ದು ಕೆಆರ್‌ಎಸ್ 124.80 ಅಡಿ ತುಂಬಿದ ದಿನ ಏನಾಗುತ್ತದೆ ಅನ್ನುವುದನ್ನು. ಸಹಜ ಚಿಂತೆಯಾದರೆ ಆ ರಾತ್ರಿ ನಿದ್ದೆ ಬರುತ್ತದೆ. ಚಿಂತೆಯೇ ಕಾಯಿಲೆಯಾಗಿದ್ದರೆ ಅದು ಮನೆ ಬದಲಿಸುತ್ತದೆ. ನೀರಿನದು ಮುಗಿದರೆ ಮಗಳ ಮದುವೆ, ಅದು ಮುಗಿದರೆ ಅಳಿಯನ ಕೆಲಸ, ಅದೂ ಸರಿಯಿದ್ದರೆ ‘ಎಲ್ಲ ಇಷ್ಟು ಸರಿ ಇದೆಯಲ್ಲ, ಏನೋ ಕಾದಿದೆ’. ಹೆಚ್ಚಿನ ದಿನಗಳಲ್ಲಿ ಹೀಗೆ 6 ತಿಂಗಳು ನಡೆದು, ಚಡಪಡಿಕೆ, ಬೇಗ ಆಯಾಸ, ಗಮನ ನಿಲ್ಲದಿರುವುದು, ಸಿಡುಕು, ಕತ್ತು-ಭುಜದ ಬಿಗಿತ, ನಿದ್ದೆಗೇಡು, ಈ ಆರರಲ್ಲಿ ಮೂರಾದರೂ ಇದ್ದರೆ ವೈದ್ಯರು ಜನರಲೈಸ್ಡ್ ಆಂಕ್ಸೈಟಿ ಡಿಸಾರ್ಡರ್ ಎನ್ನುತ್ತಾರೆ. ಇವರು ಆಸ್ಪತ್ರೆಗೆ ಬರುವುದು ಚಿಂತೆಗೆಂದಲ್ಲ, ಕತ್ತು ನೋವಿಗೆ, ಹೊಟ್ಟೆಗೆ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದಕ್ಕೆ.

ಇದನ್ನು ಅಳೆಯಲು ಗ್ಯಾಡ್-7 ಅನ್ನುವ ಪ್ರಶ್ನಾವಳಿ 2006ರಿಂದ ಬಳಕೆಯಲ್ಲಿದೆ. ಹಿಂದಿನ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆಗಳು. ಮನಸ್ಸು ಕಳವಳಗೊಂಡಿತ್ತೇ, ಚಿಂತೆ ನಿಲ್ಲಿಸಲಾಗಲಿಲ್ಲವೇ, ಬೇರೆ ಬೇರೆ ವಿಷಯಕ್ಕೆ ಅತಿಯಾಗಿ ಚಿಂತಿಸಿದಿರಾ, ನಿರಾಳವಾಗಿ ಕೂರಲು ಕಷ್ಟವಾಯಿತೇ, ಕೂತಲ್ಲಿ ಕೂರಲಾಗದಷ್ಟು ಚಡಪಡಿಕೆಯೇ, ಬೇಗ ಸಿಟ್ಟು ಬಂತೇ, ಏನೋ ಕೆಟ್ಟದ್ದಾಗುತ್ತದೆ ಅನಿಸಿತೇ. ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನವೂ 3. ಒಟ್ಟು 21ರಲ್ಲಿ 5 ಮುಟ್ಟಿದರೆ ಸೌಮ್ಯ, 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ತೀವ್ರ. 10 ಬಂದರೆ ವೈದ್ಯರನ್ನು ಕಾಣಿ. ಆದರೆ ಇದು ಥರ್ಮಾಮೀಟರ್ ಇದ್ದ ಹಾಗೆ. ಜ್ವರ ಎಷ್ಟು ಅಂತ ಹೇಳುತ್ತದೆ, ಮಲೇರಿಯಾವೋ ಟೈಫಾಯಿಡೋ ಹೇಳುವುದಿಲ್ಲ. ಮನೆಯಿಂದ ಹೊರಬರುವುದನ್ನೇ ಬಿಟ್ಟವರಿಗೆ ಅಂಕ ಕಡಿಮೆ ಬರುವುದೂ ಉಂಟು. ಹೆದರಿಕೆಯ ಜಾಗಕ್ಕೆ ಹೋಗದಿದ್ದರೆ ಹೆದರಿಕೆ ಎಲ್ಲಿಂದ ಬರಬೇಕು? ಎರಡನೆಯ ಪ್ರಶ್ನೆಯನ್ನು, ಏನು ಬಿಟ್ಟಿರಿ ಅನ್ನುವುದನ್ನು, ಕೈಬಿಡಬಾರದು ಅನ್ನುವುದು ಇದಕ್ಕೇ.

ಚಿಂತೆಗೆ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಸಂಜೆ ಒಂದು ಹೊತ್ತು ಗೊತ್ತು ಮಾಡಿ, 20 ನಿಮಿಷ, ಹಾಸಿಗೆಯ ಮೇಲಲ್ಲ, ಕಾಗದ ಹಿಡಿದು ಕೂತು ಚಿಂತೆಗಳನ್ನೆಲ್ಲ ಬರೆಯುವುದು. ಎರಡು ಪಟ್ಟಿ ಮಾಡಿ. ನಾಳೆಯೇ ಕೈಗೊಳ್ಳಬಹುದಾದ ಹೆಜ್ಜೆ ಇರುವವು ಒಂದು ಕಡೆ, ಏನೂ ಮಾಡಲಾಗದವು ಇನ್ನೊಂದು ಕಡೆ. ಬೇರೆ ಹೊತ್ತಿನಲ್ಲಿ ಬರುವ ಚಿಂತೆಗೆ ‘ಸಂಜೆ ಬಾ’ ಅನ್ನಿ. ಬಾಲಿಶ ಅನಿಸಬಹುದು. ಎರಡು ವಾರ ಬಿಡದೆ ಮಾಡಿದವರಿಗೆ ಸಂಜೆಯ ಹೊತ್ತಿಗೆ ಬರೆಯಲು ಸರಕು ಸಾಲದೆ ಹೋಗುವುದೂ ಇದೆ.

ನಾಲ್ಕು ಜನರ ಮುಂದಿನ ಭಯವನ್ನು ನಮ್ಮಲ್ಲಿ ಕಾಯಿಲೆ ಅಂತ ಯಾರೂ ಎಣಿಸುವುದಿಲ್ಲ. ‘ನಾಚಿಕೆ ಸ್ವಭಾವ’, ‘ಮೆತ್ತಗಿನ ಹುಡುಗಿ’ ಅಂತ ಹೊಗಳುವುದೂ ಉಂಟು. ಆದರೆ ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಉಣ್ಣಲಾಗದವರು, ಬ್ಯಾಂಕಿನಲ್ಲಿ ಗುಮಾಸ್ತರ ಎದುರು ಸಹಿ ಹಾಕುವಾಗ ಕೈ ನಡುಗುವವರು, ವೈವಾ ಇರುವ ದಿನ ಕಾಲೇಜಿಗೇ ಹೋಗದವರು ಇದ್ದಾರೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುವ ಇದನ್ನು ‘ದೊಡ್ಡೋರಾದರೆ ಸರಿಹೋಗ್ತಾರೆ’ ಅಂತ ಬಿಟ್ಟರೆ ಓದು, ಕೆಲಸ, ಮದುವೆ ಎಲ್ಲದರ ಆಯ್ಕೆಯನ್ನೂ ಅದೇ ಮಾಡಿಬಿಡುತ್ತದೆ. ಮಳವಳ್ಳಿಯೋ ನಾಗಮಂಗಲವೋ, ಕನ್ನಡ ಮಾಧ್ಯಮದಲ್ಲಿ ಓದಿ ಮೈಸೂರಿನ ಇಂಜಿನಿಯರಿಂಗ್ ಕಾಲೇಜಿಗೆ ಬಂದ ಹುಡುಗ ತರಗತಿಯಲ್ಲಿ ಬಾಯಿ ಬಿಡದಿದ್ದರೆ ಒಂದು ಪರೀಕ್ಷೆ ಮಾಡಿ. ಅದೇ ಜನರೆದುರು ಕನ್ನಡದಲ್ಲಿ ಮಾತಾಡುವಾಗ ಸಲೀಸಾಗಿದ್ದಾನೆಯೇ? ಹೌದಾದರೆ ಬೇಕಾದ್ದು ಇಂಗ್ಲಿಷ್ ಅಭ್ಯಾಸ, ಮನೋವೈದ್ಯರಲ್ಲ. ಕನ್ನಡದಲ್ಲೂ ಗಂಟಲು ಕಟ್ಟಿದರೆ ಆಗ ಯೋಚಿಸಬೇಕು. ಉಗ್ಗು ಸೇರಿದ್ದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಊರಲ್ಲೇ ಇದೆ, ದೂರದಿಂದ ಜನ ಅಲ್ಲಿಗೆ ಬರುತ್ತಾರೆ.

ಸಂದರ್ಶನದ ಹಿಂದಿನ ದಿನ ಗೆಳೆಯರು ಎದೆಬಡಿತ, ನಡುಕ ಇಳಿಸುವ ಪ್ರೊಪ್ರನಲಾಲ್ ಮಾತ್ರೆ ಹಂಚಿಕೊಳ್ಳುವ ಚಾಳಿಯೂ ಇದೆ. ಆಸ್ತಮಾ ಇರುವವರಿಗೆ ಅದು ಅಪಾಯ, ನಾಡಿ ಮೊದಲೇ ನಿಧಾನವಾಗಿರುವವರಿಗೂ.

ಹಲ್ಲಿ, ನಾಯಿ, ಲಿಫ್ಟು, ಎತ್ತರ, ಗುಡುಗು, ಇಂಥ ಒಂದೇ ವಸ್ತುವಿನ ಭಯಗಳು ಜೀವನಕ್ಕೆ ಅಡ್ಡ ಬರದಿದ್ದರೆ ಬಿಟ್ಟುಬಿಡಬಹುದು. ಒಂದನ್ನು ಮಾತ್ರ ಬೇರೆ ತೆಗೆದು ಹೇಳಬೇಕು, ರಕ್ತ ಮತ್ತು ಸೂಜಿಯ ಭಯ. ಉಳಿದೆಲ್ಲ ಭಯದಲ್ಲಿ ರಕ್ತದ ಒತ್ತಡ ಏರುತ್ತದೆ. ಇದರಲ್ಲಿ ಮೊದಲು ಕೊಂಚ ಏರಿ ಥಟ್ಟನೆ ಕುಸಿದು ವ್ಯಕ್ತಿ ಕುಸಿದೇ ಬೀಳಬಹುದು. ಆದ್ದರಿಂದ ‘ಮೈ ಸಡಿಲ ಬಿಡಿ, ರಿಲ್ಯಾಕ್ಸ್ ಮಾಡಿ’ ಅನ್ನುವ ಸಲಹೆ ಇಲ್ಲಿ ತಿರುಗುಬಾಣ. ಮಾಡಬೇಕಾದ್ದು ಅದಕ್ಕೆ ವಿರುದ್ಧ. ಸೂಜಿ ಚುಚ್ಚದ ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡ್, ಮುಖ ಬಿಸಿಯಾಗುವವರೆಗೆ, ಬಿಗಿ ಹಿಡಿಯಬೇಕು. 20–30 ಸೆಕೆಂಡ್ ಸಹಜ ಸ್ಥಿತಿಗೆ ಬಿಡಬೇಕು, ತೀರ ಸಡಿಲವಾಗಿ ಅಲ್ಲ. ಹೀಗೆ ಐದು ಸಲ. ಇದಕ್ಕೆ ಮೊದಲೇ ಮನೆಯಲ್ಲಿ ವಾರ ದಿನ ಅಭ್ಯಾಸ ಬೇಕು. ಲ್ಯಾಬಿನವರಿಗೆ ಹೇಳಿ ಮಲಗಿಕೊಂಡೇ ರಕ್ತ ಕೊಡಿ.

ಕಾಯಿಲೆ ಇದೆಯೆಂಬ ಕಾಯಿಲೆಯವರ ಕೈಯಲ್ಲಿ ರಿಪೋರ್ಟುಗಳ ಪ್ಲಾಸ್ಟಿಕ್ ಚೀಲ ಇರುತ್ತದೆ. ಕತ್ತಿನ ಗಂಟನ್ನು ದಿನಕ್ಕೆ ಇಪ್ಪತ್ತು ಸಲ ಒತ್ತಿ ನೋಡಿದರೆ ಒತ್ತಿದ್ದಕ್ಕೇ ಅದು ನೋಯುತ್ತದೆ, ನೋಯುವುದರಿಂದ ಇನ್ನಷ್ಟು ಒತ್ತಬೇಕು ಅನಿಸುತ್ತದೆ. ‘ನಾರ್ಮಲ್’ ರಿಪೋರ್ಟಿನ ಸಮಾಧಾನ ಎರಡು ದಿನ ಬಾಳಿಕೆ ಬರುತ್ತದೆ. ಇವರಿಗೆ ಹೊಸ ಡಾಕ್ಟರ್ ಬೇಡ, ಒಬ್ಬರೇ ಡಾಕ್ಟರ್ ಬೇಕು. ಲಕ್ಷಣ ಬಂದಾಗಲೆಲ್ಲ ಓಡುವುದು ಬಿಟ್ಟು, ಗೊತ್ತಾದ ದಿನಕ್ಕೆ, ಉದಾಹರಣೆಗೆ ತಿಂಗಳಿಗೊಮ್ಮೆ, ಹೋಗುವುದು.

ಗೀಳನ್ನು, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಒಸಿಡಿಯನ್ನು, ಆತಂಕದ ಗುಂಪಿನಲ್ಲೇ ಎಣಿಸುವ ರೂಢಿ ಇತ್ತು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಲ್ಲಿ ಅದನ್ನು ಬೇರೆ ಮಾಡಿತು, ಆಘಾತದ ನಂತರದ ತೊಂದರೆಯನ್ನೂ. ಇದು ಬರೀ ಪುಸ್ತಕದ ವಿಂಗಡಣೆಯಲ್ಲ. ಗೀಳಿಗೆ ಮಾತ್ರೆಯ ಪ್ರಮಾಣ ಹೆಚ್ಚು ಬೇಕಾಗುತ್ತದೆ, ಗುಣ ಕಾಣಲು 10–12 ವಾರ ಹಿಡಿಯಬಹುದು. ನಮ್ಮ ಮನೆಗಳಲ್ಲಿ ಇದು ಮಡಿಯ ಮರೆಯಲ್ಲಿ ಅಡಗುತ್ತದೆ. ವ್ಯತ್ಯಾಸ ಹೀಗೆ ತಿಳಿಯಿರಿ. ಮಡಿಗೆ ನಿಯಮವಿದೆ, ಮುಗಿಯುವ ಜಾಗವಿದೆ, ಸ್ನಾನವಾದರೆ ಆಯಿತು. ಗೀಳಿಗೆ ಮುಗಿತಾಯವಿಲ್ಲ, ಮೂರು ಗಂಟೆ ಸ್ನಾನವಾದ ಮೇಲೂ ‘ಸರಿಯಾಗಲಿಲ್ಲವೇನೋ’.

ಆತಂಕದ ವೇಷ ಹಾಕಿ ಬರುವ ಮೈಯ ತೊಂದರೆಗಳೂ ಇವೆ. ಥೈರಾಯ್ಡ್ ಹೆಚ್ಚಾದರೆ ತೂಕ ಇಳಿದು, ಸೆಕೆ ತಾಳಲಾಗದೆ, ಕೈ ನಡುಗಿ, ಎದೆ ಓಡುತ್ತದೆ. ಥೈರಾಯ್ಡ್ ನೋಡುವ ಟಿಎಸ್‌ಎಚ್, ಹಿಮೋಗ್ಲೋಬಿನ್, ಸಕ್ಕರೆ, ಇಷ್ಟಾದರೂ ಒಮ್ಮೆ ನೋಡಿಸಿ. ಆಸ್ತಮಾದ ಸಾಲ್ಬುಟಮಾಲ್ ಪಂಪು, ನೆಗಡಿಯ ಕೆಲವು ಮಾತ್ರೆಗಳೂ ಡವಡವ ತರುತ್ತವೆ. ಫಿಲ್ಟರ್ ಕಾಫಿಯ ಮೇಲೆ ಮೈಸೂರಿನಲ್ಲಿ ಕೂತು ಆರೋಪ ಹೊರಿಸುವುದು ಕಷ್ಟವೇ, ಆದರೆ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು. ಸಂಜೆ ಐದರ ಲೋಟದ ಕೆಫೀನಿನಲ್ಲಿ ಅರ್ಧದಷ್ಟು, ರಾತ್ರಿ ಹತ್ತಕ್ಕೂ ರಕ್ತದಲ್ಲೇ ಇರುತ್ತದೆ. ಮಧ್ಯಾಹ್ನದ ನಂತರದ್ದನ್ನು ಎರಡು ವಾರ ಬಿಟ್ಟು ನೋಡಿ. ಒಮ್ಮೆಗೇ ಎಲ್ಲ ಬಿಟ್ಟರೆ ತಲೆನೋವು ಬರುತ್ತದೆ, ದಿನಕ್ಕೊಂದು ಲೋಟದಂತೆ ಇಳಿಸಿ. ದಿನವೂ ಮದ್ಯ ಕುಡಿಯುವವರಿಗೆ ಬೆಳಿಗ್ಗೆ ಎದ್ದಾಗ ಬರುವ ನಡುಕ, ದಿಗಿಲು ಮದ್ಯ ಇಳಿಯುವುದರ ಲಕ್ಷಣ. ಅಂಥವರು ದಿಢೀರನೆ ಬಿಟ್ಟರೆ ಫಿಟ್ಸ್ ಬರಬಹುದು, ಆದ್ದರಿಂದ ವೈದ್ಯರ ಕಣ್ಣೆದುರೇ ಬಿಡಬೇಕು.

ಹಾಗಾದರೆ ಯಾವಾಗ ಹೋಗಬೇಕು? ಭಯ ಎಷ್ಟು ಜೋರಾಗಿದೆ ಅನ್ನುವುದಕ್ಕಿಂತ ಅದು ಏನನ್ನು ಕಿತ್ತುಕೊಂಡಿದೆ ಅನ್ನುವುದು ನನಗೆ ಹೆಚ್ಚು ನಂಬಿಕೆಯ ಅಳತೆ. ಕೆಲಸ, ಕಾಲೇಜು, ಸಂತೆ, ನೆಂಟರ ಮನೆ, ಇವುಗಳಲ್ಲಿ ಒಂದನ್ನು ಭಯದಿಂದ ಬಿಟ್ಟು ಎರಡು ವಾರ ಆಗಿದ್ದರೂ ಹೋಗಿ. ಎರಡು ವಾರದಿಂದ ನಿದ್ದೆ ಸರಿಯಿಲ್ಲದಿದ್ದರೆ, ಧೈರ್ಯಕ್ಕೆ ಕುಡಿಯುವುದೋ ಮಾತ್ರೆ ನುಂಗುವುದೋ ಶುರುವಾಗಿದ್ದರೆ ಹೋಗಿ. 45–50 ದಾಟಿದ ಮೇಲೆ ಜೀವನದಲ್ಲಿ ಮೊದಲ ಸಲ ಆತಂಕ ಬಂದರೆ ಮೊದಲು ಮೈಯ ತಪಾಸಣೆ. ಬಾಣಂತಿ ಮಗು ಮಲಗಿದಾಗಲೂ ಮಲಗಲಾಗದೆ ಅದರ ಉಸಿರನ್ನೇ ನೋಡುತ್ತ ಕೂತರೆ ‘ಹೊಸ ತಾಯಿ, ಹಂಗೇ’ ಅಂತ ಬಿಡಬೇಡಿ. ಸೋಮವಾರ ಬೆಳಿಗ್ಗೆ ಮಾತ್ರ ಹೊಟ್ಟೆನೋವು ಬಂದು ಭಾನುವಾರ ಬಾರದ ಮಗು ಸುಳ್ಳು ಹೇಳುತ್ತಿಲ್ಲ, ನೋವು ನಿಜ. ಶಾಲೆಯಲ್ಲಿ ಏನಾಗುತ್ತಿದೆ ಅಂತ ಮೊದಲು ಕೇಳಿ. ಸಾಯುವ ಯೋಚನೆ ಬಂದಿದ್ದರೆ ನಾಳೆ ಅನ್ನಬಾರದು, ಅವತ್ತೇ ಹೋಗಬೇಕು, ಒಬ್ಬರನ್ನೇ ಬಿಡಬಾರದು.

ಎಲ್ಲಿಗೆ? ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಮೂರರಲ್ಲೂ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಗೊತ್ತಾದ ದಿನ ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ಹೊರಡುವ ಮೊದಲು ದಿನ ಕೇಳಿಕೊಳ್ಳಿ. ಹೋಗಲು ಮನಸ್ಸು ಒಪ್ಪದಿದ್ದರೆ 14416, ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರು ಎಂಬಿಬಿಎಸ್ ಮೇಲೆ ಮನೋವೈದ್ಯ ಶಾಸ್ತ್ರ ಓದಿದವರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಮಾತಿನ ಚಿಕಿತ್ಸೆ ಕೊಡುತ್ತಾರೆ, ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ ಅಂತ ಕೇಳಬಹುದು. ‘ಕೌನ್ಸೆಲರ್’ ಅಂತ ಬೋರ್ಡು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಓದು ಏನೆಂದು ವಿಚಾರಿಸಿ.

ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಮಯ ಕಡಿಮೆ. ಅದಕ್ಕೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಮೊದಲು ಯಾವಾಗ ಆಯಿತು, ತೀರ ಜೋರಾದದ್ದು ಯಾವಾಗ, ಆಗ ಏನಾಗುತ್ತೆ ಅಂತ ಹೆದರಿದಿರಿ, ಯಾವ್ಯಾವುದನ್ನು ಬಿಟ್ಟಿರಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳೆಲ್ಲ, ಕಾಫಿ ಎಷ್ಟು, ಕುಡಿತ ಎಷ್ಟು, ಮನೆಯಲ್ಲಿ ಯಾರಿಗಾದರೂ ಇತ್ತೇ. ಅತ್ತೆಯೋ ಅಣ್ಣನೋ ಜೊತೆ ಬಂದಿದ್ದರೂ ಐದು ನಿಮಿಷ ಒಬ್ಬರೇ ಮಾತಾಡಬೇಕು ಅಂತ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ನಿಮ್ಮ ವಿಷಯ ಗೋಪ್ಯವಾಗಿರುವುದು ನಿಮ್ಮ ಹಕ್ಕು.

ಮಾತ್ರೆ ಬರೆದರೆ ಎಸ್ಸಿಟಲೋಪ್ರಾಮ್ ಅಥವಾ ಸರ್ಟ್ರಲೀನ್ ಜಾತಿಯದು ಇರುವ ಸಂಭವ ಹೆಚ್ಚು. ಇವು ಕಡಿಮೆ ಪ್ರಮಾಣದಿಂದ ಶುರುವಾಗುತ್ತವೆ. ಗುಣ ಕಾಣಲು 2ರಿಂದ 4 ವಾರ ಬೇಕು, ಪೂರ್ತಿ ಕಾಣಲು 6ರಿಂದ 8. ಮೊದಲ ವಾರ ವಾಕರಿಕೆ ಬರುತ್ತದೆ, ಚಡಪಡಿಕೆ ಕೊಂಚ ಹೆಚ್ಚೇ ಆಗಬಹುದು. ‘ಮಾತ್ರೆ ತಗೊಂಡ್ಮೇಲೆ ಜಾಸ್ತಿ ಆಯ್ತು’ ಅಂತ ನಾಲ್ಕನೆಯ ದಿನಕ್ಕೆ ಎಸೆಯುವವರು ಎಡವುವುದು ಇಲ್ಲೇ. ಎಸೆಯುವ ಬದಲು ವೈದ್ಯರಿಗೆ ಫೋನ್ ಮಾಡಿ. 25ರೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಸಾವಿನ ಯೋಚನೆ ಬರುತ್ತದೆಯೇ ಅಂತ ಮನೆಯವರು ಗಮನಿಸಬೇಕು. ಹುಷಾರಾದ ಮೇಲೂ 6ರಿಂದ 12 ತಿಂಗಳು ಮುಂದುವರಿಸಿ ಮೆಲ್ಲಗೆ ಇಳಿಸುತ್ತಾರೆ. ದಿಢೀರನೆ ನಿಲ್ಲಿಸಿದರೆ ತಲೆಸುತ್ತು, ಮಿಂಚು ಹೊಡೆದ ಅನುಭವ ಆಗುತ್ತದೆ. ಚಟವಾಗುವುದು ಈ ಜಾತಿಯ ಮಾತ್ರೆಯಿಂದಲ್ಲ. ಅಲ್ಪ್ರಾಜೊಲಾಮ್, ಕ್ಲೊನಜೆಪಾಮ್ ಕೂಡಲೇ ಹಿತ ಕೊಡುತ್ತವೆ, ಚಟವಾಗುವುದೂ ಅವೇ, ಆದ್ದರಿಂದ ಸಾಮಾನ್ಯವಾಗಿ 2ರಿಂದ 4 ವಾರಕ್ಕಷ್ಟೇ. ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಪರಿಚಯದ ಮೆಡಿಕಲ್ಸಿನವರು ಕೊಟ್ಟರೂ ತೆಗೆದುಕೊಳ್ಳಬಾರದು. ವರ್ಷಗಟ್ಟಲೆ ನುಂಗಿದವರು ತಾವಾಗಿಯೇ ನಿಲ್ಲಿಸುವುದೂ ಅಪಾಯ. ಮಾತಿನ ಚಿಕಿತ್ಸೆಯಾದರೆ ವಾರಕ್ಕೊಂದರಂತೆ ಸಾಮಾನ್ಯವಾಗಿ 12ರಿಂದ 16 ಭೇಟಿ. ಮನೆಯಲ್ಲಿ ಮಾಡುವ ಅಭ್ಯಾಸ ಕೊಡದ ಚಿಕಿತ್ಸಕರ ಬಗ್ಗೆ ನನಗೆ ಅನುಮಾನ.

ನಂಜನಗೂಡಿಗೆ ಹರಕೆ ಹೊತ್ತಿದ್ದರೆ ಹೋಗಿಬನ್ನಿ. ಟಿಪ್ಪು ಆನೆಯ ಕಣ್ಣು ಗುಣವಾಯಿತೆಂದು ‘ಹಕೀಮ್ ನಂಜುಂಡ’ ಅಂದನೆಂಬ ಐತಿಹ್ಯ ಇರುವ ಕ್ಷೇತ್ರ ಅದು. ಡಾಕ್ಟರು ಬರೆದ ಮಾತ್ರೆ ಕಪಿಲೆಗೆ ಎಸೆದು ಬರಬೇಡಿ ಅಷ್ಟೇ.

ಮನೆಯವರಿಗೆ ಒಂದು ಮಾತು. ‘ನಂಗೇನೂ ಆಗಲ್ಲ ಅಲ್ವಾ?’ ಅನ್ನುವ ಪ್ರಶ್ನೆಗೆ ಮೊದಲ ಸಲ ಉತ್ತರ ಕೊಡಿ. ಐದನೆಯ ಸಲ ಕೊಟ್ಟರೆ ಅದು ನೀರಿನ ಬಾಟಲಿಯ ಹಾಗೆ ಇನ್ನೊಂದು ಊರುಗೋಲು. ಅದರ ಬದಲು ‘ಈಗ ಭಯ ಹತ್ತರಲ್ಲಿ ಎಷ್ಟು?’ ಅಂತ ಕೇಳಿ, ಐದು ನಿಮಿಷ ಬಿಟ್ಟು ಮತ್ತೆ ಕೇಳಿ. ‘ಹುಚ್ಚರ ಡಾಕ್ಟರ ಹತ್ರ ನಾನ್ಯಾಕೆ ಬರ್ಲಿ’ ಅಂತ ಅಪ್ಪ ಪಟ್ಟು ಹಿಡಿದರೆ ವಾದಕ್ಕೆ ಇಳಿಯಬೇಡಿ. ‘ಅಪ್ಪಾ, ನಿದ್ದೆ ಸರಿಯಾಗಿ ಬರ್ತಿಲ್ವಲ್ಲ, ಅದಕ್ಕೆ ತೋರಿಸ್ಕೊಂಡು ಬರೋಣ ನಡೀರಿ’ ಅನ್ನಿ. ಸುಳ್ಳೇನಲ್ಲ. ಡಾಕ್ಟರೂ ಮೊದಲು ಕೇಳುವ ಪ್ರಶ್ನೆಗಳಲ್ಲಿ ನಿದ್ದೆಯದೂ ಒಂದು.